ಹೆಸರಿಲ್ಲದ ಗೋರಿಯಲ್ಲಿ ಮಲಗಿದ್ದ ಗೋಲ್‌ಕೀಪರ್: ಆರ್ಥರ್ ವಾರ್ಟನ್



ಫುಟ್ಬಾಲ್ ಪಂದ್ಯದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಗೋಲು ತಡೆದವನ ಹೆಸರು ಒಳಪುಟದ ಮೂಲೆಯಲ್ಲಿ ಬಂದರೆ ಅದೇ ಹೆಚ್ಚು. ಗೋಲ್‌ಕೀಪರ್ ಹತ್ತು ಬಾರಿ ಚೆಂಡನ್ನು ಹಿಡಿದರೂ ಯಾರೂ ಲೆಕ್ಕ ಇಡುವುದಿಲ್ಲ. ಹನ್ನೊಂದನೆಯದು ಕೈತಪ್ಪಿದರೆ ಇಡೀ ಊರು ಅವನನ್ನು ದೂರುತ್ತದೆ. ಇಂತಹ ಕಷ್ಟದ ಜಾಗದಲ್ಲಿ, ಅದೂ ಪರದೇಶದಲ್ಲಿ, ತನ್ನ ಮೈಬಣ್ಣವನ್ನೇ ಕುಂದು ಎಂದು ಎಣಿಸುತ್ತಿದ್ದ ಕಾಲದಲ್ಲಿ ನಿಂತು ಆಡಿದ ಒಬ್ಬ ಮನುಷ್ಯನ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರ ಹೆಸರು ಆರ್ಥರ್ ವಾರ್ಟನ್. ಜಗತ್ತಿನ ಮೊದಲ ಕಪ್ಪು ವೃತ್ತಿಪರ ಫುಟ್ಬಾಲ್ ಆಟಗಾರ ಎಂದು ಸಾಮಾನ್ಯವಾಗಿ ಅವರನ್ನೇ ಗುರುತಿಸಲಾಗುತ್ತದೆ.

ವಿದ್ಯಾರ್ಥಿಗಳೇ, ಸಾದಿಯೋ ಮಾನೆ, ಮೊಹಮ್ಮದ್ ಸಲಾಹ್ ಮುಂತಾದವರ ಹೆಸರುಗಳು ನಿಮಗೆ ಬಾಯಿಪಾಠವಾಗಿವೆ. ಅವರ ಆಟವನ್ನು ಟಿ.ವಿ.ಯಲ್ಲಿ ನೋಡಿದ್ದೀರಿ, ಅವರ ಹೆಸರಿನ ಜೆರ್ಸಿಯನ್ನೂ ತೊಟ್ಟಿದ್ದೀರಿ. ಆಫ್ರಿಕಾದಲ್ಲಿ ಹುಟ್ಟಿದ ಆಟಗಾರ ಇಂಗ್ಲೆಂಡಿನ ಮೈದಾನಕ್ಕೆ ಇಳಿಯುವುದು ಇಂದು ಸಾಮಾನ್ಯ ಸಂಗತಿ. ಆದರೆ ಆ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ಯಾರೂ ಗುರುತಿಸದ ಗೋರಿಯಲ್ಲಿ 66 ವರ್ಷಗಳಿಗೂ ಹೆಚ್ಚು ಕಾಲ ಮಲಗಿದ್ದರು ಎಂಬುದು ನಿಮಗೆ ತಿಳಿದಿದೆಯೇ?

ಹುಟ್ಟು ಮತ್ತು ಮನೆತನ

ಆರ್ಥರ್ ವಾರ್ಟನ್ 1865ರ ಅಕ್ಟೋಬರ್ 28ರಂದು ಪಶ್ಚಿಮ ಆಫ್ರಿಕಾದ ಅಕ್ರಾ ನಗರದ ಜೇಮ್ಸ್‌ಟೌನ್ ಎಂಬಲ್ಲಿ ಹುಟ್ಟಿದರು. ಆ ನಾಡನ್ನು ಆಗ ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದರು. ಅದು ಬ್ರಿಟಿಷರ ಕೈಯಲ್ಲಿತ್ತು. ಅದೇ ನಾಡು 1957ರ ಮಾರ್ಚ್ 6ರಂದು ಸ್ವತಂತ್ರವಾಗಿ ಘಾನಾ ಎಂಬ ಹೆಸರು ಪಡೆಯಿತು.

ಅವರ ತಂದೆ ಹೆನ್ರಿ ವಾರ್ಟನ್ ವೆಸ್ಟ್ ಇಂಡೀಸ್‌ನ ಗ್ರೆನಡಾ ದ್ವೀಪದಿಂದ ಬಂದ ಮೆಥೋಡಿಸ್ಟ್ ಪಾದ್ರಿ. ಅವರ ರಕ್ತದಲ್ಲಿ ಸ್ಕಾಟ್ಲೆಂಡಿನ ಅಂಶವೂ ಇತ್ತು. ತಾಯಿ ಆನಿ ಫ್ಲಾರೆನ್ಸ್ ಎಗ್ರಿಬಾ ಅಲ್ಲಿನ ಫಾಂಟೆ ಜನಾಂಗದ ರಾಜಮನೆತನಕ್ಕೆ ಸೇರಿದವರು. ಹೀಗಾಗಿ ಆರ್ಥರ್ ಬಡತನದಲ್ಲಿ ಹುಟ್ಟಿದ ಮಗುವಲ್ಲ. ಓದು, ಬರಹ, ಧರ್ಮಬೋಧೆ ಇದ್ದ ಮನೆಯ ಮಗು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಆದರೂ ಮಗ ತಂದೆಯ ಹಾದಿಯಲ್ಲೇ ನಡೆದು ಬೋಧಕನಾಗಲಿ ಎಂಬುದು ಮನೆಯವರ ಆಸೆಯಾಗಿತ್ತು. ಬಾಲ್ಯದಲ್ಲಿ ಕೆಲವು ವರ್ಷ ಲಂಡನ್ನಿನಲ್ಲಿ ಓದಿ ಮರಳಿದ್ದ ಆರ್ಥರ್, 1882ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೊರಟರು. ಮೊದಲು ಸ್ಟಾಫರ್ಡ್‌ಶೈರ್‌ನ ಕ್ಯಾನಕ್ ಎಂಬಲ್ಲಿ, ಅನಂತರ 1884ರಿಂದ ಉತ್ತರ ಇಂಗ್ಲೆಂಡಿನ ಡಾರ್ಲಿಂಗ್ಟನ್ ಪಟ್ಟಣದ ಕ್ಲೀವ್‌ಲ್ಯಾಂಡ್ ಕಾಲೇಜಿನಲ್ಲಿ ಓದಿದರು. ಬೋಧಕರಾಗಿ, ಶಿಕ್ಷಕರಾಗಿ ತರಬೇತಿ ಪಡೆದು ಸ್ವಂತ ನಾಡಿಗೆ ಹಿಂದಿರುಗುವುದು ಅಂದಿನ ಯೋಜನೆಯಾಗಿತ್ತು.

ಆದರೆ ಮನುಷ್ಯ ಒಂದು ಬಗೆದರೆ ವಿಧಿ ಇನ್ನೊಂದು ಬಗೆಯುತ್ತದೆ. ಕಾಲೇಜಿನ ಪುಸ್ತಕಗಳಿಗಿಂತ ಕಾಲೇಜಿನ ಮೈದಾನ ಆ ತರುಣನನ್ನು ಹೆಚ್ಚು ಸೆಳೆಯಿತು.

ಹತ್ತು ಸೆಕೆಂಡಿನ ಓಟ

ಓದುಗರೇ, ವಾರ್ಟನ್ ಅವರಿಗೆ ಮೊದಲು ಹೆಸರು ತಂದದ್ದು ಫುಟ್ಬಾಲ್ ಅಲ್ಲ, ಓಟ. 1886ರ ಜುಲೈ 3ರಂದು ಲಂಡನ್ನಿನ ಸ್ಟಾಮ್‌ಫರ್ಡ್ ಬ್ರಿಡ್ಜ್ ಮೈದಾನದಲ್ಲಿ ಹವ್ಯಾಸಿ ಕ್ರೀಡಾಪಟುಗಳ ರಾಷ್ಟ್ರೀಯ ಕೂಟ ನಡೆಯಿತು. ಅಲ್ಲಿ 100 ಗಜದ ಓಟವನ್ನು, ಅಂದರೆ ಸುಮಾರು 91 ಮೀಟರನ್ನು, ವಾರ್ಟನ್ 10 ಸೆಕೆಂಡುಗಳಲ್ಲಿ ಮುಗಿಸಿದರು. ಪ್ರಾಥಮಿಕ ಸುತ್ತಿನಲ್ಲೂ 10 ಸೆಕೆಂಡು, ಅಂತಿಮ ಸುತ್ತಿನಲ್ಲೂ 10 ಸೆಕೆಂಡು. ರಾಷ್ಟ್ರೀಯ ಕೂಟದಲ್ಲಿ ಅಷ್ಟು ಕಡಿಮೆ ಅವಧಿಯಲ್ಲಿ ಗುರಿ ಮುಟ್ಟಿದ ಮೊದಲಿಗರು ಅವರೇ. ಆಗ ಅವರಿಗೆ ಇನ್ನೂ 20 ವರ್ಷ. ಇಂದಿನ ಹಾಗೆ ರಬ್ಬರಿನ ಓಟದ ಹಾದಿ ಆಗ ಇರಲಿಲ್ಲ, ಓಟ ಶುರು ಮಾಡಲು ಕಾಲಿಗೆ ಆನಿಕೆ ಇರಲಿಲ್ಲ, ವಿದ್ಯುತ್ ಗಡಿಯಾರವೂ ಇರಲಿಲ್ಲ ಎಂಬುದನ್ನು ನೆನಪಿನಲ್ಲಿಡಿ. 1887ರಲ್ಲಿಯೂ ಅವರೇ ಗೆದ್ದರು.

ಒಂದು ಕ್ಷಣ ನಿಂತು ಯೋಚಿಸಿ. ಯುರೋಪಿನ ರಾಷ್ಟ್ರಗಳು ಬರ್ಲಿನ್‌ನಲ್ಲಿ ಸಭೆ ಸೇರಿ ಆಫ್ರಿಕಾ ಖಂಡವನ್ನು ಹಂಚಿಕೊಳ್ಳುವ ನಿಯಮಗಳನ್ನು ಮಾಡಿಕೊಂಡದ್ದು 1884-85ರಲ್ಲಿ. ಕಪ್ಪು ಜನರು ಬುದ್ಧಿಯಲ್ಲೂ ಶಕ್ತಿಯಲ್ಲೂ ಕೀಳು ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಬರೆಯುತ್ತಿದ್ದ ದಿನಗಳು ಅವು. ಅಂತಹ ದಿನಗಳಲ್ಲಿ ಆಳುವವರ ರಾಜಧಾನಿಯಲ್ಲೇ, ಆಳುವವರ ಕಣ್ಣೆದುರೇ, ಆಳಿಸಿಕೊಳ್ಳುವ ನಾಡಿನ ಒಬ್ಬ ಹುಡುಗ ಎಲ್ಲರನ್ನೂ ಹಿಂದೆ ಹಾಕಿ ಓಡಿದ. ಆ ವಿದ್ವಾಂಸರ ಪುಸ್ತಕಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಗೋಲಿನ ಕಂಬಗಳ ನಡುವೆ

ಡಾರ್ಲಿಂಗ್ಟನ್ ತಂಡಕ್ಕೆ ವಾರ್ಟನ್ ಗೋಲ್‌ಕೀಪರ್ ಆಗಿ ಆಡತೊಡಗಿದ್ದರು. ಅವರ ಆಟವನ್ನು ಕಂಡು ಪ್ರೆಸ್ಟನ್ ನಾರ್ತ್ ಎಂಡ್ ತಂಡ ಅವರನ್ನು ಕರೆಸಿಕೊಂಡಿತು. ಆ ತಂಡದ ಮುಖ್ಯಸ್ಥ ವಿಲಿಯಂ ಸುಡೆಲ್ ಎಂಬವರು. ಆಟಗಾರರಿಗೆ ಹಣ ಕೊಟ್ಟು ಆಡಿಸುವ ಪದ್ಧತಿಯನ್ನು ಬಹಿರಂಗವಾಗಿ ಒಪ್ಪಿಕೊಂಡವರು ಅವರು. ಆ ಕಾರಣಕ್ಕೆ 1884ರಲ್ಲಿ ಅವರ ತಂಡವನ್ನು ಎಫ್.ಎ. ಕಪ್ ಪಂದ್ಯಾವಳಿಯಿಂದ ಹೊರಗೆ ಹಾಕಲಾಗಿತ್ತು. ಈ ಜಗಳ ಬೆಳೆದು ಕೊನೆಗೆ 1885ರ ಜುಲೈನಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯು ವೃತ್ತಿಪರ ಆಟವನ್ನು ಕಾನೂನುಬದ್ಧಗೊಳಿಸಿತು. ಗಿರಣಿ, ಗಣಿಗಳಲ್ಲಿ ದುಡಿಯುವ ಹುಡುಗರು ಆಟದಿಂದಲೇ ಅನ್ನ ಸಂಪಾದಿಸುವ ದಾರಿ ತೆರೆದದ್ದು ಹೀಗೆ.

ವಾರ್ಟನ್ ಇದ್ದ ಪ್ರೆಸ್ಟನ್ ತಂಡ 1886-87ರ ಎಫ್.ಎ. ಕಪ್‌ನ ಸೆಮಿಫೈನಲ್ ತಲುಪಿ, ಅಲ್ಲಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ತಂಡಕ್ಕೆ ಸೋತಿತು. 1888ರಲ್ಲಿ ಓಟದ ಕಡೆಗೆ ಹೆಚ್ಚು ಗಮನ ಕೊಡಲೆಂದು ಅವರು ಪ್ರೆಸ್ಟನ್ ಬಿಟ್ಟರು. ದುರದೃಷ್ಟವೆಂದರೆ ಅದೇ ವರ್ಷ 12 ತಂಡಗಳ ಫುಟ್ಬಾಲ್ ಲೀಗ್ ಆರಂಭವಾಯಿತು. ಪ್ರೆಸ್ಟನ್ ತಂಡ ಆ ಮೊದಲ ಲೀಗನ್ನು ಒಂದೂ ಪಂದ್ಯ ಸೋಲದೆ ಗೆದ್ದು, ಎಫ್.ಎ. ಕಪ್ಪನ್ನೂ ಗೆದ್ದು, ಅಜೇಯರು ಎಂಬ ಬಿರುದು ಪಡೆಯಿತು. ಒಂದು ವರ್ಷ ತಾಳಿದ್ದರೆ ಆ ಬಿರುದಿನಲ್ಲಿ ವಾರ್ಟನ್ ಅವರಿಗೂ ಪಾಲು ಸಿಗುತ್ತಿತ್ತೇನೋ! ಅಲ್ಲಾಹನೇ ಬಲ್ಲ.

ಆಗಿನ ಗೋಲ್‌ಕೀಪರನ ಕೆಲಸ ಇಂದಿನಂತಲ್ಲ, ಮಿತ್ರರೇ. 1909ರವರೆಗೆ ಅವನಿಗೆ ಬೇರೆ ಬಣ್ಣದ ಜೆರ್ಸಿ ಕಡ್ಡಾಯವಿರಲಿಲ್ಲ, ತಂಡದ ಉಳಿದವರಂತೆಯೇ ತೊಟ್ಟು ನಿಲ್ಲುತ್ತಿದ್ದ. ಗೋಲಿಗೆ ಬಲೆ ಕಟ್ಟತೊಡಗಿದ್ದು, ಪೆನಾಲ್ಟಿ ಕಿಕ್ ಬಂದದ್ದು ಎರಡೂ 1891ರಲ್ಲಿ. ಎಲ್ಲಕ್ಕಿಂತ ಭಯಂಕರವಾದ ಸಂಗತಿಯೆಂದರೆ, ಚೆಂಡು ಹತ್ತಿರವಿಲ್ಲದಿದ್ದರೂ ಎದುರಾಳಿಗಳು ಭುಜ ಕೊಟ್ಟು ಗೋಲ್‌ಕೀಪರನನ್ನು ಕೆಡವಬಹುದಿತ್ತು. ಒಬ್ಬ ಚೆಂಡಿನ ಹಿಂದೆ ಹೋದರೆ ಇನ್ನಿಬ್ಬರು ಗೋಲ್‌ಕೀಪರನನ್ನು ನೆಲಕ್ಕೆ ಉರುಳಿಸುವುದೇ ಒಂದು ತಂತ್ರವಾಗಿತ್ತು. ಗಟ್ಟಿ ಮೈಯವನು, ಗಟ್ಟಿ ಎದೆಯವನು ಮಾತ್ರ ಅಲ್ಲಿ ನಿಲ್ಲಬಲ್ಲವನಾಗಿದ್ದ.

ವಾರ್ಟನ್ ಅಲ್ಲಿ ನಿಂತದ್ದು ಮಾತ್ರವಲ್ಲ, ನೋಡುವವರಿಗೆ ಹಬ್ಬವನ್ನೇ ಮಾಡಿದರು. ಚೆಂಡನ್ನು ಮುಷ್ಟಿಯಿಂದ ಗುದ್ದಿ ಬಹುದೂರ ಕಳುಹಿಸುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಗೋಲಿನ ಕಂಬದ ಬದಿಯಲ್ಲಿ ಮೈ ಮುದುಡಿಕೊಂಡು ಕುಳಿತು, ಕೊನೆಯ ಗಳಿಗೆಯಲ್ಲಿ ಚಂಗನೆ ಹಾರಿ ಚೆಂಡನ್ನು ತಡೆಯುತ್ತಿದ್ದರು. ಒಂದು ಪಂದ್ಯದಲ್ಲಿ ಅವರು ಮೇಲಿನ ಅಡ್ಡಪಟ್ಟಿಯನ್ನು ಹಿಡಿದು ಜೋತಾಡಿ, ಚೆಂಡನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿ ಹಿಡಿದರಂತೆ. ನುಗ್ಗಿ ಬಂದ ಮೂವರು ಎದುರಾಳಿಗಳು ಚೆಂಡು ಎಲ್ಲಿ ಹೋಯಿತೆಂದು ತಿಳಿಯದೆ ಗೋಲಿನೊಳಗೆ ಮುಗ್ಗರಿಸಿ ಬಿದ್ದರಂತೆ. ಆ ಪಂದ್ಯ ನೋಡಿದ್ದ ಒಬ್ಬರು ಸುಮಾರು ಅರ್ಧ ಶತಮಾನದ ಬಳಿಕ, 1942ರಲ್ಲಿ, ಶೆಫೀಲ್ಡಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು ಇದನ್ನು ನೆನಪಿಸಿಕೊಂಡರು. ಅಷ್ಟು ವರ್ಷ ಒಬ್ಬ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವಂತೆ ಆಡುವುದು ಸಣ್ಣ ಮಾತಲ್ಲ.

1889ರಲ್ಲಿ ಯಾರ್ಕ್‌ಶೈರ್ ಪ್ರಾಂತ್ಯದ ರಾದರಮ್ ಟೌನ್ ತಂಡ ಅವರನ್ನು ಸಂಬಳ ಕೊಟ್ಟು ಸೇರಿಸಿಕೊಂಡಿತು. ಹೀಗೆ ಅವರು ವೃತ್ತಿಪರ ಆಟಗಾರರಾದರು. 1890ರಲ್ಲಿ ಅದೇ ಊರಿನ ಎಮ್ಮಾ ಲಿಸ್ಟರ್ ಎಂಬವರನ್ನು ಮದುವೆಯಾದರು. ರಾದರಮ್ ತಂಡ 1893ರಲ್ಲಿ ಫುಟ್ಬಾಲ್ ಲೀಗ್‌ನ ಎರಡನೆಯ ವಿಭಾಗಕ್ಕೆ ಸೇರಿತು. 1894ರಲ್ಲಿ ಶೆಫೀಲ್ಡ್ ಯುನೈಟೆಡ್ ತಂಡ ಅವರನ್ನು ಕರೆದುಕೊಂಡಿತು. ಅಲ್ಲಿ ಆಗಲೇ ವಿಲಿಯಂ ಫೌಲ್ಕ್ ಎಂಬ ಬೃಹತ್ ದೇಹದ, ಅಷ್ಟೇ ಚುರುಕಿನ ಗೋಲ್‌ಕೀಪರ್ ಇದ್ದರು. ಹಾಗಾಗಿ ವಾರ್ಟನ್ ಅವರಿಗೆ ಅವಕಾಶ ಸಿಕ್ಕಿದ್ದು ಕಡಿಮೆ. ಆದರೂ 1895ರಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಒಂದು ಪಂದ್ಯ ಆಡಿ, ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಎನಿಸಿಕೊಂಡರು. ಆಮೇಲೆ ಮತ್ತೆ ರಾದರಮ್, ಸ್ಟೇಲಿಬ್ರಿಜ್ ರೋವರ್ಸ್, ಆಷ್ಟನ್ ನಾರ್ತ್ ಎಂಡ್, ಕೊನೆಗೆ ಸ್ಟಾಕ್‌ಪೋರ್ಟ್ ಕೌಂಟಿ. 1902ರಲ್ಲಿ ಆಟದಿಂದ ನಿವೃತ್ತರಾದರು. ಇದರ ನಡುವೆ ಬೇಸಿಗೆಯಲ್ಲಿ ಕ್ರಿಕೆಟ್ ತಂಡಗಳಿಗೂ ಸಂಬಳಕ್ಕೆ ಆಡಿದರು, ಸೈಕಲ್ ಪಂದ್ಯಗಳಲ್ಲೂ ಹೆಸರು ಮಾಡಿದರು.

ಮುಚ್ಚಿದ ಬಾಗಿಲುಗಳು

ಇಷ್ಟನ್ನೂ ಓದಿ ಅವರ ಜೀವನ ಹೂವಿನ ಹಾಸಿಗೆ ಎಂದು ಭಾವಿಸಬೇಡಿ. ಪತ್ರಿಕೆಗಳು ಅವರ ಆಟವನ್ನು ಹೊಗಳುತ್ತಲೇ ಅವರ ಬಣ್ಣವನ್ನು ಹಿಡಿದು ಹಾಸ್ಯ ಮಾಡುತ್ತಿದ್ದವು. ಬಿಳಿಯ ಆಟಗಾರ ಅದೇ ಚಮತ್ಕಾರ ಮಾಡಿದರೆ ಜಾಣತನ, ವಾರ್ಟನ್ ಮಾಡಿದರೆ ಕೋಡಂಗಿಯಾಟ ಎಂಬಂತೆ ಬರೆದವರೂ ಇದ್ದರು. ಇಂಗ್ಲೆಂಡ್ ತಂಡಕ್ಕೆ ಅವರನ್ನು ಆರಿಸಬೇಕೆಂಬ ಮಾತು ಕೆಲವರ ಬಾಯಲ್ಲಿ ಬಂದಿತ್ತು. ಆದರೆ ಆ ಕರೆ ಎಂದೂ ಬರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತಲೂ ನೋವಿನದು. ಆಟದ ದಿನಗಳಲ್ಲೇ ವಾರ್ಟನ್ ಸ್ವಂತ ನಾಡಿಗೆ ಮರಳುವ ಮನಸ್ಸು ಮಾಡಿ, ಗೋಲ್ಡ್ ಕೋಸ್ಟ್ ಸರ್ಕಾರದ ನೌಕರಿಗೆ ಅರ್ಜಿ ಹಾಕಿದರು. ಓದಿದವರು, ಇಂಗ್ಲಿಷ್ ಬಲ್ಲವರು, ಒಳ್ಳೆಯ ಮನೆತನದವರು. ಆದರೂ ಅರ್ಜಿ ತಿರಸ್ಕೃತವಾಯಿತು. ಹಣಕ್ಕಾಗಿ ಆಡುವವನು ಸರ್ಕಾರಿ ಹುದ್ದೆಯ ಘನತೆಗೆ ತಕ್ಕವನಲ್ಲ ಎಂಬುದು ಅಧಿಕಾರಿಗಳ ಭಾವನೆಯಾಗಿತ್ತು. ಇಂಗ್ಲೆಂಡಿನ ಮೈದಾನದಲ್ಲಿ ಬಣ್ಣ ಅಡ್ಡ ಬಂದರೆ, ಹುಟ್ಟಿದ ನಾಡಿನ ಕಚೇರಿಯಲ್ಲಿ ಆಟವೇ ಅಡ್ಡ ಬಂತು. ಎರಡೂ ದಡಗಳಲ್ಲಿ ಅವರಿಗೆ ಕಾಲಿಡಲು ಜಾಗ ಸಿಗಲಿಲ್ಲ.

ಆಟದ ಸಂಬಳದಲ್ಲಿ ಮನೆ ನಡೆಯುವುದು ಕಷ್ಟವಾಗಿತ್ತು. ಪಿಂಚಣಿ ಎಂಬ ಮಾತೇ ಇರಲಿಲ್ಲ. ಆಟ ಬಿಟ್ಟ ದಿನ ವರಮಾನವೂ ನಿಲ್ಲುತ್ತಿತ್ತು. ಅಂದಿನ ಅನೇಕ ಆಟಗಾರರಂತೆ ವಾರ್ಟನ್ ಕೂಡ ರಾದರಮ್‌ನಲ್ಲಿ ಮದ್ಯದಂಗಡಿ ನಡೆಸಿದರು. ಆಟಗಾರನ ಹೆಸರು ನೋಡಿ ಗಿರಾಕಿಗಳು ಬರುತ್ತಾರೆಂದು ಮಾಲೀಕರು ಇಂತಹವರನ್ನೇ ಅಲ್ಲಿ ಕೂರಿಸುತ್ತಿದ್ದರು. ಕ್ರಮೇಣ ಕುಡಿತ ಅವರನ್ನೂ ಹಿಡಿದುಕೊಂಡಿತು. ಹತ್ತು ಸೆಕೆಂಡಿನಲ್ಲಿ ನೂರು ಗಜ ಓಡಿದ ಕಾಲುಗಳನ್ನು ಎದುರಾಳಿಗಳು ಸೋಲಿಸಲಿಲ್ಲ, ಆ ಬಾಟಲಿ ಸೋಲಿಸಿತು. ಮದ್ಯವನ್ನು ನಮ್ಮ ದೀನ್ ಏಕೆ ಅಷ್ಟು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಗಣಿಯ ಕತ್ತಲೆಯಲ್ಲಿ

ಆಟ ಮುಗಿದ ಮೇಲೆ ವಾರ್ಟನ್ ಕಲ್ಲಿದ್ದಲು ಗಣಿ ಸೇರಿದರು. ಡಾನ್‌ಕಾಸ್ಟರ್ ಬಳಿಯ ಎಡ್ಲಿಂಗ್ಟನ್ ಎಂಬ ಹಳ್ಳಿಯ ಯಾರ್ಕ್‌ಶೈರ್ ಮೇನ್ ಗಣಿಯಲ್ಲಿ ಕಲ್ಲಿದ್ದಲು ತುಂಬಿದ ತೊಟ್ಟಿಗಳನ್ನು ಸಾಗಿಸುವ ಕೂಲಿ ಕೆಲಸ. ಒಂದು ಕಾಲದಲ್ಲಿ ಸಾವಿರಾರು ಜನರ ಚಪ್ಪಾಳೆ ಕೇಳಿದ ಮನುಷ್ಯ ಭೂಮಿಯ ಆಳದಲ್ಲಿ, ದೀಪದ ಮಂದ ಬೆಳಕಿನಲ್ಲಿ, ಇದ್ದಲಿನ ಧೂಳು ಕುಡಿಯುತ್ತಾ ದುಡಿದರು. ಆದರೆ ಆ ಕತ್ತಲೆಯಲ್ಲಿ ಎಲ್ಲರ ಮೈಯೂ ಒಂದೇ ಬಣ್ಣವಾಗಿತ್ತು. 1926ರಲ್ಲಿ ಗಣಿಕಾರ್ಮಿಕರು ಕೂಲಿಗಾಗಿ ಹೋರಾಟಕ್ಕೆ ಇಳಿದಾಗ ವಾರ್ಟನ್ ತಮ್ಮ ಜೊತೆಗಾರರ ಪರವಾಗಿಯೇ ನಿಂತರು. ಆಗ ಅವರಿಗೆ 60 ವರ್ಷ ದಾಟಿತ್ತು.

ದೀರ್ಘಕಾಲದ ಕಾಯಿಲೆಯ ನಂತರ 1930ರ ಡಿಸೆಂಬರ್‌ನಲ್ಲಿ ಆರ್ಥರ್ ವಾರ್ಟನ್ ತೀರಿಕೊಂಡರು. ವಯಸ್ಸು 65. ಕೈಯಲ್ಲಿ ಕಾಸಿರಲಿಲ್ಲ. ಎಡ್ಲಿಂಗ್ಟನ್ ಸ್ಮಶಾನದಲ್ಲಿ ಬಡವರ ಸಾಲಿನಲ್ಲಿ ಅವರನ್ನು ಹೂಳಲಾಯಿತು. ಗೋರಿಯ ಮೇಲೆ ಹೆಸರಿಲ್ಲ, ಕಲ್ಲಿಲ್ಲ. ಹುಲ್ಲು ಬೆಳೆಯಿತು. ಜನ ಮರೆತರು.

ಮತ್ತೆ ಸಿಕ್ಕ ಹೆಸರು

ಮರೆವಿನ ಆ ಹುಲ್ಲನ್ನು ಸರಿಸಿದವರು ಸಾಮಾನ್ಯ ಜನರು. ಶೆಫೀಲ್ಡಿನಲ್ಲಿ ಫುಟ್ಬಾಲ್ ಮೂಲಕ ಜನಾಂಗ ದ್ವೇಷವನ್ನು ಹೋಗಲಾಡಿಸಲು ಹುಟ್ಟಿದ ಒಂದು ಸಂಘಟನೆಯ ಪ್ರಯತ್ನದಿಂದ 1997ರಲ್ಲಿ ಆ ಗೋರಿಗೆ ಹೆಸರು ಕೆತ್ತಿದ ಕಲ್ಲು ಬಂತು. ಫಿಲ್ ವಸಿಲಿ ಎಂಬ ಇತಿಹಾಸಕಾರರು ಹಳೆಯ ಪತ್ರಿಕೆ, ದಾಖಲೆಗಳನ್ನು ಹುಡುಕಿ 1998ರಲ್ಲಿ ವಾರ್ಟನ್ ಅವರ ಜೀವನ ಚರಿತ್ರೆಯನ್ನು ಪ್ರಕಟಿಸಿದರು. 2003ರಲ್ಲಿ ಇಂಗ್ಲಿಷ್ ಫುಟ್ಬಾಲಿನ ಕೀರ್ತಿಶಾಲಿಗಳ ಪಟ್ಟಿಯಲ್ಲಿ ಅವರ ಹೆಸರು ಸೇರಿತು. 2014ರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡದ ತರಬೇತಿ ಕೇಂದ್ರವಾದ ಸೇಂಟ್ ಜಾರ್ಜಸ್ ಪಾರ್ಕ್‌ನಲ್ಲಿ ಅವರ ಸುಮಾರು 16 ಅಡಿ ಎತ್ತರದ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಮೇಲಕ್ಕೆ ಹಾರಿ ಚೆಂಡನ್ನು ಅಡ್ಡಪಟ್ಟಿಯ ಆಚೆ ತಳ್ಳುತ್ತಿರುವ ಭಂಗಿ ಅದು. ಯಾವ ತಂಡ ಅವರನ್ನು ಎಂದೂ ಕರೆಯಲಿಲ್ಲವೋ ಆ ತಂಡದ ಆಟಗಾರರು ತಾಲೀಮು ನಡೆಸುವ ಆವರಣದಲ್ಲೇ ಇಂದು ಅವರು ಕಂಚಾಗಿ ನಿಂತಿದ್ದಾರೆ.

ನಮ್ಮ ದೇಶದ ಒಂದು ನೆನಪನ್ನೂ ಇಲ್ಲಿ ಹೇಳಬೇಕು. ವಾರ್ಟನ್ ತೀರಿಕೊಂಡ ಆರು ವರ್ಷಗಳ ನಂತರ, 1936ರಲ್ಲಿ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಮ್ ಸ್ಕಾಟ್ಲೆಂಡಿಗೆ ಹೋಗಿ, ಹೆಸರಾಂತ ಸೆಲ್ಟಿಕ್ ಕ್ಲಬ್ಬಿನ ಪರವಾಗಿ ಬೂಟು ಹಾಕದೆ, ಪಾದಗಳಿಗೆ ಬಟ್ಟೆ ಸುತ್ತಿಕೊಂಡು ಆಡಿದರು. ಗ್ಯಾಲರಿಯ ಜನ ಬೆರಗಾಗಿ ನೋಡಿದರು. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಇಂಗ್ಲೆಂಡಿನವರು ಮರೆತರು ಎಂದು ದೂರುವ ನಾವು ನಮ್ಮವರನ್ನು ಎಷ್ಟು ನೆನೆದಿದ್ದೇವೆ ಎಂದು ಕೇಳಿಕೊಳ್ಳುವುದು ನ್ಯಾಯ.

ನಮಗೆ ಇದರಲ್ಲಿ ಏನಿದೆ?

ವಿದ್ಯಾರ್ಥಿಗಳೇ, ಈ ಜೀವನದಿಂದ ನೀವು ತೆಗೆದುಕೊಳ್ಳಬೇಕಾದದ್ದು ಒಂದೆರಡು ಮಾತು. ಆಟವನ್ನು ಪ್ರೀತಿಸಿ, ಆದರೆ ಕೈಯಲ್ಲಿರುವ ಓದನ್ನು ಬಿಟ್ಟು ಓಡಬೇಡಿ. ಆಟಗಾರನ ಮೈ ಮೂವತ್ತೈದಕ್ಕೆ ಮುದಿಯಾಗುತ್ತದೆ. ಆಮೇಲಿನ ಮೂವತ್ತು ವರ್ಷಕ್ಕೆ ಇನ್ನೊಂದು ಆಸರೆ ಬೇಕು. ಹಾಗೆಂದು ವಾರ್ಟನ್ ಅವರ ಕಷ್ಟಕ್ಕೆಲ್ಲ ಅವರು ಓದು ಬಿಟ್ಟದ್ದೇ ಕಾರಣ ಎಂದರೆ ಅದು ಅನ್ಯಾಯವಾಗುತ್ತದೆ. ಅರ್ಹತೆ ಇದ್ದಾಗಲೂ ಬಾಗಿಲು ಮುಚ್ಚಿದವರು ಬೇರೆಯವರು. ಓದಿದರೆ ಎಲ್ಲವೂ ತಾನಾಗಿ ಸರಿಯಾಗುತ್ತದೆ ಎಂದು ಮಕ್ಕಳಿಗೆ ಹೇಳುವ ನಾವು, ಓದಿ ಬಂದವರಿಗೆ ಬಾಗಿಲು ತೆರೆದಿರುವಂತೆಯೂ ನೋಡಿಕೊಳ್ಳಬೇಕು.

ಹಿರಿಯರಲ್ಲಿ ಮತ್ತು ಪೋಷಕರಲ್ಲಿ ಒಂದು ವಿನಂತಿ. ಆಡುವ ಮಗುವನ್ನು ಪೋಲಿ ಎಂದು ಕರೆಯಬೇಡಿ. ಆಟಗಾರನನ್ನು ಕೀಳಾಗಿ ಕಂಡ ಆ ಅಧಿಕಾರಿಗಳ ಸಾಲಿನಲ್ಲಿ ನಾವು ನಿಲ್ಲುವುದು ಬೇಡ. ನಮ್ಮ ಸಂಘ ಸಂಸ್ಥೆಗಳು ಅಂಕ ಪಡೆದ ಮಕ್ಕಳನ್ನು ಸನ್ಮಾನಿಸುವಂತೆಯೇ ಮೈದಾನದಲ್ಲಿ ಬೆವರು ಹರಿಸುವ ಮಕ್ಕಳ ಫೀಸು, ಪುಸ್ತಕದ ಕಡೆಗೂ ಗಮನ ಕೊಟ್ಟರೆ ಅವರು ಆಟಕ್ಕಾಗಿ ಶಾಲೆ ಬಿಡಬೇಕಾಗುವುದಿಲ್ಲ.

ಕೊನೆಯದಾಗಿ, ಬಣ್ಣದಿಂದ, ಕುಲದಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂಬುದನ್ನು ನಮ್ಮ ಪ್ರವಾದಿಯವರು (ಸ) ತಮ್ಮ ವಿದಾಯದ ಭಾಷಣದಲ್ಲಿ ಹದಿನಾಲ್ಕು ಶತಮಾನಗಳ ಹಿಂದೆಯೇ ಸಾರಿದರು. ಅಬಿಸೀನಿಯಾ ಮೂಲದ ಹಝ್ರತ್ ಬಿಲಾಲ್ (ರ) ಅವರ ಕಂಠದಿಂದಲೇ ಅಝಾನ್ ಮೊಳಗಿತು. ಈ ಪಾಠವನ್ನು ಬಾಯಲ್ಲಿ ಹೇಳುವುದು ಸುಲಭ. ತರಗತಿಯಲ್ಲಿ ಪಕ್ಕದ ಬೆಂಚಿನವನ ಬಣ್ಣವನ್ನು, ಭಾಷೆಯನ್ನು, ಜಾತಿಯನ್ನು ಹಿಡಿದು ಅಡ್ಡಹೆಸರು ಇಡದಿರುವುದು ಅದರ ಆಚರಣೆ. ನಾಳೆ ಬೆಳಿಗ್ಗೆ ಶಾಲೆಯ ಗೇಟಿನೊಳಗೆ ಕಾಲಿಟ್ಟ ಕೂಡಲೇ ಅದನ್ನು ಪರೀಕ್ಷಿಸಿಕೊಳ್ಳಬಹುದು.

ಇದ್ದಾಗಲೇ ಮನುಷ್ಯನ ಬೆಲೆ ಅರಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.